ಟೈರು ರಿಮ್ ಬಿಟ್ಟ ದಿನದಿಂದ ಕೈ ನಡುಗುತ್ತದೆ

ಪ್ರಶ್ನೆ: ಕೊಡಚಾದ್ರಿಗೆ ಜೀಪ್ ಬಾಡಿಗೆ ಹೊಡೆಯುತ್ತೇನೆ. ವಯಸ್ಸು 34. ದಸರಾ ರಜೆಯಲ್ಲಿ ಕೆಸರು ಜಾಸ್ತಿ ಇತ್ತು ಅಂತ ಹತ್ತುವಾಗ ನಾಲ್ಕೂ ಟೈರಿನ ಗಾಳಿ ಇಳಿಸಿದ್ದೆ. ಕೆಳಗೆ ಬಂದ ಮೇಲೆ ಪಂಚರ್ ಅಂಗಡಿವರೆಗೆ ಟಾರು ರೋಡಿನಲ್ಲಿ ಹಾಗೇ ಓಡಿಸಿದೆ. ಒಂದು ತಿರುವಿನಲ್ಲಿ ಮುಂದಿನ ಟೈರು ರಿಮ್ ಬಿಟ್ಟು, ಜೀಪು ಧರೆಗೆ ಒರಗಿ ನಿಂತಿತು. ಒಳಗೆ ಎಂಟು ಜನ, ಅದರಲ್ಲಿ ಇಬ್ಬರು ಮಕ್ಕಳು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ತಿರುವು ಬಂದರೆ ನನ್ನ ಕೈ ನಡುಗುತ್ತದೆ. ಒಳ್ಳೆಯ ಕಂಪ್ರೆಸರ್ ಕೊಳ್ಳುವಷ್ಟು ದುಡ್ಡಿಲ್ಲ. ಗುಜರಿಯಿಂದ ಹಳೇ ಗ್ಯಾಸ್ ಸಿಲಿಂಡರ್, ಫ್ರಿಜ್ಜಿನ ಕಂಪ್ರೆಸರ್ ತಂದು ರಾತ್ರಿ ಹೊತ್ತು ಮನೆಯ ಶೆಡ್ಡಿನಲ್ಲಿ ನಾನೇ ಗಾಳಿ ಮಿಷನ್ ಮಾಡುತ್ತಿದ್ದೇನೆ. ‘ಈ ಬಾಂಬು ಮನೆಯಲ್ಲಿ ಬೇಡ’ ಅಂತ ಹೆಂಡತಿ ಮಾತು ಬಿಟ್ಟಿದ್ದಾಳೆ. ನಾನು ಮಾಡುತ್ತಿರುವುದು ಹುಚ್ಚುತನವೇ?
— ಹೆಸರು ಬೇಡ, ಹೊಸನಗರ ತಾಲ್ಲೂಕು

ಉತ್ತರ: ಹುಚ್ಚುತನವಲ್ಲ. ಜೀಪು ಒಂದೇ ಸಮನೆ ಒಂದು ಕಡೆಗೆ ಎಳೆಯುವಾಗ ಅದನ್ನು ಕಣಿವೆಯ ಕಡೆ ಬಿಡದೆ ಧರೆಯ ಕಡೆ ತಿರುಗಿಸಿದ ಕೈಗಳು ಅವು. ಅವತ್ತು ನಡುಗಲು ಅವಕ್ಕೆ ಪುರುಸೊತ್ತಿರಲಿಲ್ಲ, ಈಗ ನಡುಗುತ್ತಿವೆ. ಅಪಘಾತದಿಂದ ಕೂದಲೆಳೆಯಲ್ಲಿ ಪಾರಾದ ಎಷ್ಟೋ ಡ್ರೈವರುಗಳಿಗೆ ಹೀಗೇ ಆಗುತ್ತದೆ. ಹೇಳಿಕೊಳ್ಳುವವರು ಕಡಿಮೆ, ಅಷ್ಟೆ. ‘ಯಾರಿಗೂ ಏನೂ ಆಗಲಿಲ್ಲ’ ಎಂದು ಬರೆದ ಸಾಲಿನ ಕೆಳಗೆ ನೀವು ಎರಡು ಸಲ ಗೆರೆ ಎಳೆದಿದ್ದೀರಿ. ಆ ಲೆಕ್ಕದಲ್ಲಿ ನಿಮ್ಮನ್ನು ಸೇರಿಸಿಕೊಂಡಿಲ್ಲ. ನಿಮಗೆ ಆಗಿದೆ.

ಈಗ ನಿಮ್ಮ ರಾತ್ರಿ ಕೆಲಸದ ಮಾತು. ಮನಸ್ಸಿಗೆ ತಪ್ಪು ದೊಡ್ಡದಾಗಿ ಕಂಡಷ್ಟೂ ಪ್ರಾಯಶ್ಚಿತ್ತವೂ ದೊಡ್ಡದೇ ಬೇಕು ಅನ್ನಿಸುತ್ತದೆ. ಅದಕ್ಕೇ ಸಿಲಿಂಡರು, ಫ್ರಿಜ್ಜಿನ ಕಂಪ್ರೆಸರು, ನಿದ್ದೆಗೆಟ್ಟ ರಾತ್ರಿಗಳು. ನಿಮ್ಮ ಉದ್ದೇಶ ಸರಿಯಾಗಿದೆ. ಆದರೆ ಸಾಮಾನು ಆರಿಸಿದ್ದು ನೀವಲ್ಲ, ನಿಮ್ಮ ಅಳುಕು.

ನನಗೆ ಮನಸ್ಸಿನ ರಿಪೇರಿ ಅಷ್ಟಿಷ್ಟು ಗೊತ್ತು, ಟೈರಿನದು ಗೊತ್ತಿಲ್ಲ. ಹಾಗಾಗಿ ನಮ್ಮ ಬೀದಿಯ ಗ್ಯಾರೇಜಿನಲ್ಲಿ ಒಂದು ಮಧ್ಯಾಹ್ನ ಕೂತು ಬಂದೆ. (ನಿಮ್ಮ ಸುದ್ದಿ ಹೇಳಲಿಲ್ಲ, ನನಗೇ ಜೀಪಿನ ಹುಚ್ಚು ಹಿಡಿದಿದೆ ಅಂದುಕೊಂಡರು.) ಮೇಸ್ತ್ರಿ ಒಂದು ಹಳೆಯ ಟೈರಿನೊಳಗೆ ನನ್ನ ಕೈ ಹಾಕಿಸಿದರು. ಬೆರಳಿಗೆ ಕಾಡಿಗೆಯಂಥ ಕಪ್ಪು ಪುಡಿ ಮೆತ್ತಿಕೊಂಡಿತು. ಗಾಳಿ ಕಡಿಮೆ ಇಟ್ಟುಕೊಂಡು ಟಾರು ರೋಡಿನಲ್ಲಿ ಓಡಿದರೆ ಟೈರಿನ ಪಕ್ಕೆ ಸುತ್ತು ಸುತ್ತಿಗೂ ಮಡಚಿ ಮಡಚಿ ಕಾಯುತ್ತದೆ, ಒಳಗಿನ ರಬ್ಬರು ಹೀಗೆ ಪುಡಿಯಾಗಿ ಉದುರುತ್ತದೆ. ಅವತ್ತಿನ ಆ ಟೈರನ್ನು ಇನ್ನೂ ಇಟ್ಟುಕೊಂಡಿದ್ದರೆ ಬಿಚ್ಚಿಸಿ ನೋಡಿ. ಪುಡಿ ಕಂಡರೆ ಸ್ಟೆಪ್ನಿಗೂ ಬೇಡ.

ಗುಡ್ಡದಲ್ಲಿ ಗಾಳಿ ಇಳಿಸಿದ್ದು ತಪ್ಪಲ್ಲ. ಟೈರು ನೆಲಕ್ಕೆ ಉದ್ದಕ್ಕೆ ಹಾಸಿಕೊಂಡು ಕೆಸರಿನಲ್ಲಿ ಹಿಡಿತ ಕೊಡುತ್ತದೆ, ಕಲ್ಲಿನ ಮೇಲೆ ಕುಕ್ಕುವುದೂ ಕಡಿಮೆ. ತಪ್ಪಿದ್ದು ಕೆಳಗೆ ಬಂದ ಮೇಲಿನ ಆ ನಾಲ್ಕಾರು ಕಿಲೋಮೀಟರು ಮಾತ್ರ. ನೀವು ತುಂಬಬೇಕಿರುವುದು ಅಷ್ಟು ಚಿಕ್ಕ ಕೊರತೆಯನ್ನು.

ಲೆಕ್ಕ ನೋಡಿ. ಜೀಪಿನ ಟೈರಿನೊಳಗೆ ಅಂದಾಜು 50 ಲೀಟರ್ ಜಾಗ. 20 ಪಾಯಿಂಟಿನಿಂದ 30ಕ್ಕೆ ಏರಿಸಲು ಒಂದಕ್ಕೆ ಹೊರಗಿನ ಗಾಳಿ ಸುಮಾರು 35 ಲೀಟರ್ ಬೇಕು, ನಾಲ್ಕಕ್ಕೆ 140. ಬ್ಯಾಟರಿಗೆ ಕ್ಲಿಪ್ ಹಾಕಿ ಓಡಿಸುವ 12 ವೋಲ್ಟಿನ ಸಣ್ಣ ಪಂಪು, ಎರಡು ಮೂರು ಸಾವಿರದೊಳಗಿನದು, ನಿಮಿಷಕ್ಕೆ 20 ಲೀಟರ್ ಕೊಟ್ಟರೂ ಏಳೆಂಟು ನಿಮಿಷದ ಕೆಲಸ. ನಡುವೆ ಆರಲು ಬಿಡುವ ಹೊತ್ತೂ ಸೇರಿ ಇಪ್ಪತ್ತು ನಿಮಿಷ ಅನ್ನಿ. ಟ್ಯಾಂಕು ಬೇಕೇ ಇಲ್ಲ. ಫ್ರಿಜ್ಜಿನ ಕಂಪ್ರೆಸರಿಗೆ 230 ವೋಲ್ಟಿನ ಮನೆ ಕರೆಂಟು ಬೇಕು, ಗುಡ್ಡದ ಬುಡದಲ್ಲಿ ಅದನ್ನು ಎಲ್ಲಿಂದ ತರುತ್ತೀರಿ?

ಸಿಲಿಂಡರಿನ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳಬೇಕು: ನಿಮ್ಮ ಹೆಂಡತಿ ಹೇಳಿದ್ದು ಸರಿ. ಖಾಲಿ ಎನ್ನುವ ಸಿಲಿಂಡರಿನಲ್ಲೂ ಗ್ಯಾಸ್ ಉಳಿದಿರುತ್ತದೆ. ವೆಲ್ಡಿಂಗ್ ಕಿಡಿ ತಗುಲಿದರೆ, ಇಲ್ಲವೇ ಅದರ ಜೊತೆ ಗಾಳಿ ಬೆರೆತರೆ ಏನಾಗಬಹುದು ಎಂದು ವಿವರಿಸಬೇಕಿಲ್ಲ. ಗಾಳಿ ತುಂಬುವ ಟ್ಯಾಂಕಿನೊಳಗೆ ನೀರು ಕೂರುತ್ತದೆ, ತುಕ್ಕು ಒಳಗಿಂದ ತಿನ್ನುತ್ತದೆ, ಹೊರಗಿನ ಬಣ್ಣ ನೋಡಿದರೆ ಗೊತ್ತಾಗುವುದಿಲ್ಲ. ಅದನ್ನು ಎಂಟು ಜನರ ಸೀಟಿನ ಹಿಂದೆ ಕಟ್ಟುವುದು ಬೇಡ.

ನಿಮ್ಮ ಕೈಚಳಕಕ್ಕೆ ಬೇರೆ ಕೆಲಸವಿದೆ. ಒಂದು ಹಿತ್ತಾಳೆ ಟೀ ಜಾಯಿಂಟು, ಏರ್ ಹೋಸು, ವಾಲ್ವಿಗೆ ಕಚ್ಚಿಕೊಳ್ಳುವ ಎರಡು ಕ್ಲಿಪ್ಪು, ಒಂದು ಗೇಜು. ಇವನ್ನು ಜೋಡಿಸಿ ಪಂಪಿನಿಂದ ಮುಂದಿನ ಎರಡು ಟೈರಿಗೂ ಒಟ್ಟಿಗೆ ಹಾಕಿದರೆ ಎರಡರಲ್ಲೂ ಗಾಳಿ ತಾನೇ ಸಮವಾಗುತ್ತದೆ, ಆಮೇಲೆ ಹಿಂದಿನ ಜೋಡಿ. ಕೆಲವರು ನಾಲ್ಕಕ್ಕೂ ಒಂದೇ ಸಲ ಹೋಸು ಎಳೆಯುತ್ತಾರಂತೆ. ನಿಮ್ಮದು ಜನ ಕೂರುವ ಗಾಡಿ, ಹಿಂದಿನ ಟೈರಿಗೆ ಭಾರ ಜಾಸ್ತಿ, ಗಾಳಿಯೂ ಜಾಸ್ತಿ ಬೇಕು, ಜೋಡಿ ಜೋಡಿಯೇ ವಾಸಿ. ಜಾಯಿಂಟಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೋ ನೋಡಿ. ಪಂಪ್ ಓಡುವಾಗ ಇಂಜಿನ್ ಆನ್ ಇರಲಿ, ಒಂದು ಜೋಡಿ ಮುಗಿದ ಮೇಲೆ ಪಂಪಿಗೆ ವಿಶ್ರಾಂತಿ ಕೊಡಿ. ಹೋಸು ಸೇರುವ ತುದಿ ಬೆರಳು ಸುಡುವಷ್ಟು ಕಾದಿರುತ್ತದೆ. ವೈರಿಂಗು, ಫ್ಯೂಸು ಮಾತ್ರ ಆಟೊ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಟ್ಯೂಬಿನ ಟೈರಾದರೆ 20ರ ಕೆಳಗೆ ಇಳಿಸಬೇಡಿ ಎಂದು ಮೇಸ್ತ್ರಿ ಎರಡೆರಡು ಸಲ ಹೇಳಿದರು. ಟೈರು ರಿಮ್ಮಿನ ಮೇಲೆ ಜಾರಿ, ಟ್ಯೂಬಿನ ವಾಲ್ವು ಬುಡಸಮೇತ ಕಿತ್ತು ಬರುತ್ತದಂತೆ.

ನಿಮ್ಮ ಹೆಂಡತಿ ಮಾತು ಬಿಟ್ಟಿದ್ದು ಸಿಲಿಂಡರಿಗೆ ಹೆದರಿ ಮಾತ್ರ ಎಂದು ನನಗನ್ನಿಸುವುದಿಲ್ಲ. ಅವತ್ತು ತಿರುವಿನಲ್ಲಿ ಏನಾಯಿತು ಎಂದು ಅವರಿಗೆ ಪೂರ್ತಿ ಹೇಳಿದ್ದೀರಾ? ಪತ್ರದಲ್ಲಿ ಆ ವಿಷಯವೇ ಇಲ್ಲ. ಹೇಳಿಲ್ಲವಾದರೆ, ರಾತ್ರಿಯೆಲ್ಲ ಶೆಡ್ಡಿನಲ್ಲಿ ಕೂರುವ ಗಂಡ ಅವರಿಗೆ ಹೇಗೆ ಕಾಣುತ್ತಿರಬಹುದು, ಯೋಚಿಸಿ. ಇವತ್ತು ರಾತ್ರಿ ಶೆಡ್ಡಿಗೆ ಬೀಗ ಹಾಕಿ ಒಳಗೆ ಹೋಗಿ. ಕೈ ನಡುಗುವುದನ್ನೂ ಹೇಳಿ.

ಸ್ವಲ್ಪ ದಿನ ಪ್ಯಾಸೆಂಜರಿಲ್ಲದೆ, ಪಕ್ಕದಲ್ಲಿ ಇನ್ನೊಬ್ಬ ಡ್ರೈವರನ್ನು ಕೂರಿಸಿಕೊಂಡು ಅದೇ ತಿರುವಿನಲ್ಲಿ ನಿಧಾನವಾಗಿ ಹೋಗಿ ಬನ್ನಿ. ನಡುಕ ನಿಲ್ಲುವವರೆಗೆ ಟ್ರಿಪ್ ಬೇಡ. ಬಾಡಿಗೆ ತಪ್ಪುತ್ತದೆ ನಿಜ, ಆದರೂ ಬೇಡ. ಕಣ್ಣು ಮುಚ್ಚಿದರೆ ಆ ಗಳಿಗೆಯೇ ಬರುತ್ತಿದ್ದರೆ, ನಿದ್ದೆ ಹತ್ತದಿದ್ದರೆ, ಕುಡಿತಕ್ಕೆ ಕೈ ಹೋಗುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ಬಾಡಿಗೆ ಶುರು ಮಾಡಿದಾಗ, ಕೆಳಗೆ ಬಂದ ಕೂಡಲೇ ಜೀಪು ಪಕ್ಕಕ್ಕೆ ಹಾಕಿ ‘ಗಾಳಿ ಹೊಡೀಬೇಕು, ಇಪ್ಪತ್ತು ನಿಮಿಷ’ ಅಂದುಬಿಡಿ. ಬಸ್ಸು ತಪ್ಪುತ್ತದೆ ಎಂದು ಯಾರಾದರೂ ಗೊಣಗಿದರೆ ಗೊಣಗಲಿ. ಆ ಸಿಲಿಂಡರನ್ನು ಕೊರೆಯದೆ, ಬಿಸಿ ಮಾಡದೆ, ಹತ್ತಿರದ ಗ್ಯಾಸ್ ಏಜೆನ್ಸಿಗೆ ಕೊಟ್ಟು ಬನ್ನಿ. ಅದು ಕಂಪನಿಯ ಸ್ವತ್ತು, ಗುಜರಿಯವರು ಮಾರುವಂತೆಯೇ ಇರಲಿಲ್ಲ.