ಅರಿವಿ ಅಂಗಡಿಯ ಒಂದು ವರ್ಷ

ಕಳೆದ ವರ್ಷ ಐಚ್ಛಿಕ ಕನ್ನಡದ ಕಿರುಪರೀಕ್ಷೆಯಲ್ಲಿ ‘ನನ್ನ ಓಣಿ’ ಎಂಬ ವಿಷಯವನ್ನು ಕುರಿತು ಪ್ರಬಂಧ ಬರೆಯಲು ಹೇಳಿದ್ದೆ. ಒಬ್ಬ ವಿದ್ಯಾರ್ಥಿನಿ ಸೊಲ್ಲಾಪುರದ ತನ್ನ ಅಜ್ಜಿಯ ಅಂಗಡಿಯನ್ನು ವರ್ಣಿಸಿ, ಅದನ್ನು ‘ಹಳೆ ಅರಿವಿ ಅಂಗಡಿ’ ಎಂದು ಕರೆದಿದ್ದಳು. ನಾನು ‘ಅರಿವಿ’ಯ ಕೆಳಗೆ ಕೆಂಪು ಗೆರೆ ಎಳೆದು ‘ಬಟ್ಟೆ’ ಎಂದು ತಿದ್ದಿದೆ. ಅರ್ಧ ಅಂಕವನ್ನೂ ಕಳೆದೆ. ತಪ್ಪು ಅವಳದಾಗಿರಲಿಲ್ಲ, ನನ್ನದಾಗಿತ್ತು.

‘ಅರಿವಿ’ಯು ‘ಅರಿವೆ’ಯ ಆಡುರೂಪ. ಹಳಗನ್ನಡದಲ್ಲಿ ಇದು ಶಕಟರೇಫವುಳ್ಳ ‘ಅಱಿವೆ’, ‘ಅಱುವೆ’. ತಮಿಳಿನ ಪ್ರಾಚೀನ ಸಾಹಿತ್ಯದಲ್ಲಿ ಇದರ ಸೋದರಪದವಾದ ‘ಅಱುವೈ’ ಇದೇ ಅರ್ಥದಲ್ಲಿ ಬರುತ್ತದೆ. ಅಂದರೆ ಇದು ದ್ರಾವಿಡದ ಹಳೆಯ ಆಸ್ತಿ. ನಾನು ‘ಶುದ್ಧ’ವೆಂದು ಬರೆದುಕೊಟ್ಟ ‘ಬಟ್ಟೆ’ಯ ಕಥೆ ಬೇರೆ. ಹಳಗನ್ನಡ ಕಾವ್ಯಗಳಲ್ಲಿ ‘ಬಟ್ಟೆ’ ಎಂದರೆ ದಾರಿ. ‘ಹೆಬ್ಬಟ್ಟೆ’ ಎಂದರೆ ಹೆದ್ದಾರಿ. ಹಳಗನ್ನಡವನ್ನು ಪಾಠ ಹೇಳುವವನೇ ಉತ್ತರಪತ್ರಿಕೆಯೊಳಗೆ ಕುಳಿತಿದ್ದ ಹಳಗನ್ನಡವನ್ನು ಗುರುತಿಸದೆ ಹೋದ! ಈ ನಾಚಿಕೆಯಿಂದಲೇ ನಾನು ಆ ಅಂಗಡಿಯನ್ನು ನೋಡಲು ಹೋದೆ. ಒಮ್ಮೆ ಹೋದವನು ವರ್ಷವಿಡೀ ಹೋಗುತ್ತಿದ್ದೆ.

ಅಂಗಡಿ ಎಂದರೆ ಮನೆಯ ಮುಂದಿನ ಪಡಸಾಲೆ. ಹಳೆಯ ಸೀರೆ, ಧೋತರ, ಖಣದ ತುಂಡು, ಚಾದರ ನೇಯುವ ಕಾರಖಾನೆಗಳಿಂದ ಬಂದ ಕತ್ತರಿಕೆಗಳು ಗಂಟುಗಳಾಗಿ ಗೋಡೆಗೆ ಒರಗಿರುತ್ತವೆ. ಕೊಂಡ ಅರಿವೆಯನ್ನು ತೊಳೆದು, ಬಿಡಿಸಿ, ಗಟ್ಟಿ ಭಾಗವನ್ನು ಕತ್ತರಿಸಿ ಹೊಸ ವಸ್ತುವಾಗಿ ಹೊಲಿಯುತ್ತಾರೆ: ಹಾಸಲು ಹೊದೆಯಲು ಕೌದಿ, ಎಲೆ ಅಡಿಕೆಗೆ ಚಂಚಿ, ತಲೆಯ ಮೇಲೆ ಕೊಡ ಹೊರಲು ಸಿಂಬಿ, ಎತ್ತಿನ ಬೆನ್ನಿಗೆ ಝೂಲ. ಅಂಗಡಿಗೆ ಹೆಸರಿನ ಹಲಗೆ ಇಲ್ಲ. ಲೆಕ್ಕದ ವಹಿ ಮರಾಠಿಯಲ್ಲಿ, ಮಾತು ಕನ್ನಡದಲ್ಲಿ.

ಇಲ್ಲಿಯ ವರ್ಷ ಯುಗಾದಿಗೆ ಆರಂಭವಾಗುವುದಿಲ್ಲ, ದೀಪಾವಳಿಗೆ ಆರಂಭವಾಗುತ್ತದೆ. ಮನೆಗಳಿಗೆ ಹೊಸ ಅರಿವೆ ಬಂದಾಗ ಹಳೆಯದು ಹೊರಬೀಳುತ್ತದೆ. ಅಂಗಡಿಯ ಗಂಟುಗಳು ಆಗ ಬೆಳೆಯುತ್ತವೆ. ಎಳ್ಳಮಾವಾಸ್ಯೆಯ ದಿನ ಬಾಗಿಲು ಹಾಕಿರುತ್ತದೆ. ಅಕ್ಕಲಕೋಟೆಯ ಕಡೆ ಇರುವ ಅವರ ಹೊಲದಲ್ಲಿ ಎದೆಮಟ್ಟದ ಜೋಳದ ನಡುವೆ ಚರಗ ಚೆಲ್ಲಿ, ಮನೆಮಂದಿಯೆಲ್ಲ ಊಟಕ್ಕೆ ಕೂರುವುದು ಮನೆಯ ಅತ್ಯಂತ ಹಳೆಯ ಕೌದಿಯ ಮೇಲೆ. ಅದನ್ನು ಮಾರುವುದಿಲ್ಲ, ಅದು ವರ್ಷಕ್ಕೊಮ್ಮೆ ಮಾತ್ರ ಹೊರಗೆ ಬರುತ್ತದೆ.

ಸಂಕ್ರಾಂತಿಗೆ ಸಿದ್ಧರಾಮನ ಜಾತ್ರೆ. 12ನೆಯ ಶತಮಾನದ ವಚನಕಾರನ, ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದ ನಾಯಕನ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರವೆಂಬುದು ನಿಮಗೆ ಗೊತ್ತಿದೆ. ಏಳು ನಂದಿಧ್ವಜಗಳ ಮೆರವಣಿಗೆ, ಸಿದ್ಧರಾಮನ ಯೋಗದಂಡಕ್ಕೂ ಕುಂಬಾರಕನ್ಯೆಗೂ ನಡೆಯುವ ಸಾಂಕೇತಿಕ ವಿವಾಹ, ಇವನ್ನೆಲ್ಲ ನೋಡಲು ಹಳ್ಳಿಗಳಿಂದ ಬಂದವರು ಈ ಓಣಿಗೂ ಬರುತ್ತಾರೆ. ಚಂಚಿಗಳು ಖರ್ಚಾಗುವುದು ಆಗಲೇ. ಐದು ಅರೆಗಳ ಒಂದು ಚಂಚಿಯಲ್ಲಿ ಎಲೆ, ಅಡಿಕೆ, ಸುಣ್ಣ, ತಂಬಾಕು, ಚಿಲ್ಲರೆ ಎಲ್ಲಕ್ಕೂ ಜಾಗವಿರುತ್ತದೆ. ಪಠ್ಯಪುಸ್ತಕದ ‘ಸಂಚಿ’ ಇಲ್ಲಿ ‘ಚಂಚಿ’. ಇದನ್ನು ತಿದ್ದಲು ನಾನೀಗ ಹೋಗುವುದಿಲ್ಲ.

ಜೋಳದ ಸುಗ್ಗಿ ಮುಗಿದ ಮೇಲೆ ಬೇಸಿಗೆಯಲ್ಲಿ ಕೌದಿಯ ಕಾಲ. ಹಿಂದೆ ಅಲೆಮಾರಿ ಸಮುದಾಯಗಳ ಹೆಂಗಸರು ಮನೆಮನೆಗೆ ಬಂದು ಕೌದಿ ಹೊಲಿದುಕೊಡುತ್ತಿದ್ದರು. ಕೂಲಿಗೆ ಕಾಳು ಹಾಕಬೇಕಾಗಿತ್ತು. ಈಗ ಓಣಿಯ ನಾಲ್ಕೈದು ಜನ ಮಧ್ಯಾಹ್ನ ಈ ಪಡಸಾಲೆಯಲ್ಲಿ ಸೇರುತ್ತಾರೆ. ಸೀರೆಗಳನ್ನು ಪದರಪದರವಾಗಿ ನೆಲಕ್ಕೆ ಹಾಸಿ, ಸುಕ್ಕು ಬಿಡಿಸಿ, ಮೇಲೆ ತ್ಯಾಪಿಗಳನ್ನು ಜೋಡಿಸುತ್ತಾರೆ. ಹೊಲಿಗೆ ಅಂಚಿನಿಂದ ಆರಂಭವಾಗಿ ಸುತ್ತು ಹಾಕುತ್ತ ನಡುವಿಗೆ ಬರುತ್ತದೆ. ಒಂದು ದೊಡ್ಡ ಕೌದಿಗೆ ಐದಾರು ಸೀರೆ ಬೇಕು, ಅವು ನೂಲಿನವೇ ಆಗಬೇಕು. ಕಾರಣವನ್ನು ಕೇಳಿದಾಗ ಅಜ್ಜಿ ಹೇಳಿದರು: “ಪಾಲಿಸ್ಟರ್ ಬೆವರು ಕುಡಿಯೂದಿಲ್ರಿ ಸರ. ಸೂಜೀನೂ ಜಾರತೈತಿ, ನಿದ್ದೀನೂ ಜಾರತೈತಿ.”

ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಅವರು ಅದರೊಳಗೆ ಒಂದು ಚೂರು ರೊಟ್ಟಿಯನ್ನೋ ನಾಲ್ಕು ಕಾಳು ಜೋಳವನ್ನೋ ಇಡುತ್ತಾರೆ. ‘ಕೌದಿ ಹೊಟ್ಟಿ ತುಂಬಸೂದು’ ಎಂದು ಅದಕ್ಕೆ ಹೆಸರು. ಹಸಿದ ಕೌದಿಯನ್ನು ಹೊದ್ದವರಿಗೆ ಹಸಿವು ತಪ್ಪದಂತೆ. ಚೊಚ್ಚಲ ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಡುವಾಗ ತೊಟ್ಟಿಲಿನೊಡನೆ ಹೋಗುವ ಸಣ್ಣ ಕೌದಿಗಂತೂ ಈ ಶಾಸ್ತ್ರ ತಪ್ಪುವಂತಿಲ್ಲ.

ಕಾರಹುಣ್ಣಿಮೆಗೆ ಝೂಲ ಹೊಲಿಯುವ ಕೆಲಸ ಮೊದಲಿನಷ್ಟಿಲ್ಲ, ಏಕೆಂದರೆ ಎತ್ತುಗಳೇ ಇಲ್ಲ. ಮಳೆಗಾಲದಲ್ಲಿ ಬರೀ ದುರಸ್ತಿ. ಮಹಾನವಮಿಗೆ ಮೊದಲು, ಘಟ ಹಾಕುವ ಮುನ್ನ, ಊರೆಲ್ಲ ಹಾಸಿಗೆ ಹೊದಿಕೆಗಳನ್ನು ತೊಳೆಯುತ್ತದೆ. ನೀರು ಕುಡಿದ ಕೌದಿಯನ್ನು ಹಿಂಡಲು ಇಬ್ಬರು ಬೇಕು. ಒಗೆಯುವಾಗ ಹರಿದದ್ದು ತ್ಯಾಪಿಗಾಗಿ ಅಂಗಡಿಗೆ ಬರುತ್ತದೆ. ಅಷ್ಟರಲ್ಲಿ ಮತ್ತೆ ದೀಪಾವಳಿ.

ಈಗ ಮೇಲೆ ಬಂದ ಪದಗಳನ್ನು ನೋಡಿ. ಪ್ರಮಾಣ ಭಾಷೆಯ ‘ತೇಪೆ’ ಇಲ್ಲಿ ‘ತ್ಯಾಪಿ’. ಪದಾಂತ್ಯದ ಎಕಾರ ಇಕಾರವಾಗಿದೆ (ಅರಿವೆ–ಅರಿವಿ, ಸಿಂಬೆ–ಸಿಂಬಿ, ಮನೆ–ಮನಿ). ಮೊದಲ ಅಕ್ಷರದ ಏಕಾರ ‘ಯಾ’ ಆಗಿದೆ (ಪೇಟೆ–ಪ್ಯಾಟಿ). ಇವು ಉಚ್ಚಾರದ ದೋಷಗಳಲ್ಲ. ಉತ್ತರದ ಕನ್ನಡ ಒಳನುಡಿಗಳಲ್ಲಿ ಕ್ರಮಬದ್ಧವಾಗಿ ನಡೆಯುವ ಧ್ವನಿವ್ಯತ್ಯಾಸಗಳು. ಭಾಷಾವಿಜ್ಞಾನದ ಪತ್ರಿಕೆಗೆ ಉದಾಹರಣೆಗಳನ್ನು ಗೈಡುಗಳಿಂದ ಉರುಹೊಡೆಯುವ ನೀವು ಅವನ್ನು ಮನೆಯಲ್ಲಿ ದಿನವೂ ಆಡುತ್ತಿದ್ದೀರಿ.

‘ಕೌದಿ’ಗೆ ‘ಕವದಿ’, ‘ಕವುದಿ’ ಎಂಬ ರೂಪಗಳೂ ಇವೆ. ಗಿರಾಕಿ ಮರಾಠಿಯವನಾದರೆ ಅದೇ ವಸ್ತು ‘ಗೋಧಡಿ’ ಇಲ್ಲವೇ ‘ವಾಕಳ’. ನೇಕಾರಿಕೆಯ ತೆಲುಗು ಮನೆಯವರಾದರೆ ‘ಬೊಂತ’. ಈ ಕೊನೆಯದನ್ನು ಕೇಳಿ ನಾನು ಬೆಚ್ಚಿದೆ. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯನ್ನು ನಾವೆಲ್ಲ ಬಳಸುತ್ತೇವೆ. ‘ಕಂತೆ’ ಸಂಸ್ಕೃತದ ‘ಕಂಥಾ’ದ ತದ್ಭವ, ಚಿಂದಿಗಳ ಹೊದಿಕೆ, ‘ಬೊಂತೆ’ಯೂ ಅಂಥದೇ. ಗಾದೆಯಲ್ಲಿ ಒಣಗಿ ಕುಳಿತಿದ್ದ ಪದ ಆ ಪಡಸಾಲೆಯಲ್ಲಿ ಬೆಲೆ ಕೇಳುತ್ತಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ ಮೂವರು ಅಕ್ಕತಂಗಿಯರು ತೀರಿಕೊಂಡ ತಾಯಿಯ ಸೀರೆಗಳನ್ನು ತಂದಿದ್ದರು. ಮೂರು ಕೌದಿಗಳಾಗಬೇಕು. ಹಂಚಿಕೆಯಲ್ಲಿ ಜಗಳವಿರಲಿಲ್ಲ, ಇಳಕಲ್ಲ ಸೀರೆಯ ಒಂದು ಕೆಂಪು ಸೆರಗಿನ ಹೊರತು. ಅದು ತನಗೇ ಇಡಿಯಾಗಿ ಬೇಕೆಂದು ಕಿರಿಯವಳು ಹಟ ಹಿಡಿದಳು. ಅಜ್ಜಿ ಸೆರಗನ್ನು ಮಡಿಲಲ್ಲಿ ಹರವಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೂರೂ ಮಂದಿ ಇದನ್ನ ಹಿಡಕೊಂಡ ನಡಿಯಾಕ ಕಲ್ತೀರಿ, ತಂಗಿ. ಮೂರೂ ಕೌದ್ಯಾಗ ಇದು ಬರತೈತಿ” ಎಂದರು. ಆಮೇಲೆ ಯಾರೂ ಮಾತಾಡಲಿಲ್ಲ. ಕತ್ತರಿಯ ಸಪ್ಪಳ ಮಾತ್ರ ಕೇಳಿಸಿತು.

ಪಕ್ಕದಲ್ಲಿದ್ದ ಮೊಮ್ಮಗಳು, ನನ್ನ ವಿದ್ಯಾರ್ಥಿನಿ, ವಹಿಯಲ್ಲಿ ‘ಗೋಧಡಿ 3’ ಎಂದು ಬರೆದುಕೊಂಡಳು. ಅವರು ಕನ್ನಡದವರೇ ಅಲ್ಲವೇ ಎಂದೆ. “ಹೌದ್ರಿ ಸರ. ಆದರ ‘ಕೌದಿ’ ಅಂದ್ರ ಹಳ್ಳಿಯವರ ಮಾತು ಅನಸ್ತೈತಿ” ಎಂದಳು. ನನ್ನ ಕೆಂಪು ಗೆರೆ ನೆನಪಾಯಿತು. ಮರಾಠಿಯ ಪದ ಬರುವುದು ನನಗೆ ಆತಂಕವಲ್ಲ. ‘ಝೂಲ’ ಬಂದಿದೆ, ನಮ್ಮದಾಗಿದೆ. ಆದರೆ ಈ ಹುಡುಗಿ ಕನ್ನಡದ ಪದವನ್ನು ಬಿಟ್ಟದ್ದು ನೆರೆಭಾಷೆಯ ಒತ್ತಡದಿಂದ ಮಾತ್ರವಲ್ಲ. ಕನ್ನಡದ ಮೇಷ್ಟರೇ ಅದನ್ನು ತಪ್ಪೆಂದು ಹೇಳಿಕೊಟ್ಟಿದ್ದರು.

ಅರ್ಧ ಅಂಕವನ್ನು ಹಿಂದಿರುಗಿಸಿದ್ದೇನೆ. ಆಕೆ ಈಗ ಅಂಗಡಿಯ ಪದಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಾಳೆ. ನೀವೂ ಮಹಾನವಮಿಯ ರಜೆಯಲ್ಲಿ ನಿಮ್ಮ ಮನೆಯ ಅಥವಾ ಓಣಿಯ ಒಂದು ಕಸುಬಿನಿಂದ 10 ಪದಗಳನ್ನು ಸಂಗ್ರಹಿಸಿ. ಆಡಿದ ಹಾಗೆಯೇ ಬರೆಯಿರಿ. ಎದುರಿಗೆ ಪ್ರಮಾಣ ರೂಪವನ್ನೂ, ಇದ್ದರೆ ಮರಾಠಿ ತೆಲುಗು ರೂಪಗಳನ್ನೂ ಕೊಡಿ. ಯಾವ ತಿಂಗಳಲ್ಲಿ ಆ ಪದ ಹೆಚ್ಚು ಕೇಳಿಸುತ್ತದೆ, ಯಾರ ಬಾಯಲ್ಲಿ ಕೇಳಿಸುತ್ತದೆ ಎಂಬುದನ್ನೂ ಸೇರಿಸಿ. ತಿದ್ದಲು ಈ ಸಲ ಪೆನ್ಸಿಲನ್ನು ಇಟ್ಟುಕೊಂಡಿರುತ್ತೇನೆ.