ಕೆಮ್ಮು ನಿಂತರೆ ಕಾಯಿಲೆ ಹೋಯಿತೆಂದಲ್ಲ

ಪುಟ್ಟಿ, ಬೆಕ್ಕಿಗೆ ಆಸ್ತಮಾ ಅಂದರು ಅಂತ ಅಳಬೇಡ. ಪೂರ್ತಿ ವಾಸಿಯಾಗುವ ಕಾಯಿಲೆ ಅಲ್ಲ, ನಿಜ. ಆದರೆ ಹಿಡಿತದಲ್ಲಿಟ್ಟುಕೊಂಡರೆ ವರ್ಷಗಟ್ಟಲೆ ಆರಾಮಾಗಿರುತ್ತೆ. ಅಲರ್ಜಿಯಿಂದ ಶ್ವಾಸನಾಳದ ಒಳಗೆ ಊದಿಕೊಂಡು, ಲೋಳೆ ಕಟ್ಟಿ, ಉಸಿರಿನ ದಾರಿ ಕಿರಿದಾಗುತ್ತೆ. ಕೆಮ್ಮದೆ ಇರುವ ದಿನವೂ ಆ ಊತ ಒಳಗೇ ಇರಬಹುದು. ಅದಕ್ಕೇ ಬೆಕ್ಕು ಚೆನ್ನಾಗಿರುವಾಗಲೇ ನಿನಗೆ ಕೆಲಸ ಜಾಸ್ತಿ. ಬೆಕ್ಕು ಸಾಕಿ ತಿಳಿದ ನಾಲ್ಕು ಮಾತು ಹೇಳ್ತೀನಿ, ಕೇಳು.

• ಕೆಮ್ಮನ್ನು ಗುರುತಿಸು. ನೆಲಕ್ಕೆ ಅಂಟಿದ ಹಾಗೆ ಕೂತು, ಕತ್ತು ಮುಂದಕ್ಕೆ ಚಾಚಿ ಕೆಮ್ಮುತ್ತೆ. ಹೊಟ್ಟೆಯ ಕೂದಲುಂಡೆ ಕಕ್ಕುತ್ತಿದೆ ಅಂತ ನಾವಂದುಕೊಳ್ತೀವಿ, ಆದರೆ ಏನೂ ಹೊರಗೆ ಬರಲ್ಲ. ಕಂಡ ಕೂಡಲೇ ಮೊಬೈಲಿನಲ್ಲಿ ವಿಡಿಯೊ ಮಾಡಿಕೊ. ಡಾಕ್ಟರ ಮೇಜಿನ ಮೇಲೆ ಯಾವ ಬೆಕ್ಕೂ ಕೇಳಿದಾಗ ಕೆಮ್ಮಲ್ಲ. ಶ್ವಾಸಕೋಶದ ಹುಳ, ಹೃದಯದ ಹುಳದಿಂದಲೂ ಹೀಗೇ ಆಗುತ್ತೆ. ಅವು ಇಲ್ಲವೆಂದು ಖಚಿತ ಮಾಡಿಕೊಂಡರಾ ಅಂತ ಕೇಳು.

• ಮಲಗಿದಾಗ ಉಸಿರು ಎಣಿಸು. ಗಾಢ ನಿದ್ದೆಯಲ್ಲಿರುವಾಗ ಪಕ್ಕೆ ಏರಿಳಿಯುವುದನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸು. ನಿಮಿಷಕ್ಕೆ 30ರ ಒಳಗಿದ್ದರೆ ಸರಿ. ಕ್ಯಾಲೆಂಡರಿನಲ್ಲಿ ಬರೆದಿಡು. ಲೆಕ್ಕ ಮೇಲೇರುತ್ತಾ ಬಂದರೆ ಕೆಮ್ಮು ಶುರುವಾಗಲಿ ಅಂತ ಕಾಯಬೇಡ, ಡಾಕ್ಟರಿಗೆ ಫೋನ್ ಮಾಡು.

• ಎರಡು ಇನ್‌ಹೇಲರ್ ಅದಲುಬದಲು ಮಾಡಿಕೊಳ್ಳಬೇಡ. ಫ್ಲುಟಿಕಾಸೋನ್ ದಿನಾ ಕೊಡುವಂಥದ್ದು, ಊತ ಇಳಿಸುತ್ತೆ. ಅದು ಪೂರ್ತಿ ಹತೋಟಿಗೆ ತರಲು ಒಂದೆರಡು ವಾರ ಬೇಕು, ಅಲ್ಲಿಯವರೆಗೆ ಪ್ರೆಡ್ನಿಸೊಲೋನ್ ಮಾತ್ರೆ ಕೊಡುತ್ತಾರೆ. ಸಾಲ್ಬುಟಮಾಲ್ ಉಸಿರು ಕಟ್ಟಿದಾಗಿನ ಆಪತ್ತಿಗೆ. ದಾರಿ ಬಿಡಿಸುತ್ತೆ, ಊತ ಇಳಿಸಲ್ಲ. ಅದು ಪದೇಪದೇ ಬೇಕಾಗುತ್ತಿದೆ ಅಂದರೆ ದಿನದ ಔಷಧ ಸಾಲುತ್ತಿಲ್ಲ ಅಂತ ಅರ್ಥ.

• ಮಾಸ್ಕಿಗೆ ನಿಧಾನವಾಗಿ ಒಗ್ಗಿಸು. ಮಾಸ್ಕ್ ಇರುವ ಸ್ಪೇಸರ್ (ಇನ್‌ಹೇಲರಿಗೆ ಜೋಡಿಸುವ ಕೊಳವೆ) ಬೇಕೇ ಬೇಕು. ಮೊದಲ ಕೆಲವು ದಿನ ಔಷಧವಿಲ್ಲದೆ ಬರೀ ಮಾಸ್ಕ್ ತೋರಿಸು, ಅದರೊಳಗೇ ಬೇಯಿಸಿದ ಕೋಳಿಯ ಚೂರು ಇಟ್ಟು ತಿನ್ನಿಸು. ಆಮೇಲೆ ಇನ್‌ಹೇಲರ್ ಕುಲುಕಿ, ಒತ್ತಿ, ಏಳೆಂಟು ಉಸಿರು ಎಳೆದುಕೊಳ್ಳುವವರೆಗೂ ಹಿಡಿ. ‘ಬುಸ್’ ಅನ್ನುವ ಸದ್ದಿಗೆ ಹೆದರಿದರೆ, ಸ್ಪೇಸರಿಗೆ ಮೊದಲೇ ಒತ್ತಿ ತಕ್ಷಣ ಮುಖಕ್ಕೆ ಹಿಡಿ. ಮುಗಿದ ಮೇಲೆ ಮೂತಿ ಒರೆಸು.

• ಸ್ಟೀರಾಯ್ಡ್ (ಫ್ಲುಟಿಕಾಸೋನ್, ಪ್ರೆಡ್ನಿಸೊಲೋನ್) ನೀನಾಗಿ ನಿಲ್ಲಿಸಬೇಡ. ಇಳಿಸುವುದಿದ್ದರೂ ಡಾಕ್ಟರು ಹೇಳಿದ ಹಾಗೆ ಹಂತಹಂತವಾಗಿ. ನೀರು ಕುಡಿಯುವುದು, ಉಚ್ಚೆ ಹೊಯ್ಯುವುದು ಜಾಸ್ತಿಯಾದರೆ ಹೇಳು. ಸಕ್ಕರೆ ಕಾಯಿಲೆ ಬರುವ ಸಂಭವ ಇದೆ. ಹಸಿವೂ ಹೆಚ್ಚುತ್ತೆ, ಕೇಳಿದಷ್ಟೂ ಹಾಕಬೇಡ. ದಪ್ಪಗಾದ ಬೆಕ್ಕಿಗೆ ಉಸಿರಾಟ ಇನ್ನೂ ಕಷ್ಟ.

• ಮನೆಯ ಹೊಗೆ ಕಡಿಮೆ ಮಾಡು. ಊದಿನಕಡ್ಡಿ, ಸಾಂಬ್ರಾಣಿ, ಕರ್ಪೂರ ಬಿಡು. ಪುಟ್ಟದೊಂದು ತುಪ್ಪದ ದೀಪ ಸಾಕು, ದೇವರೇನೂ ಬೇಜಾರು ಮಾಡಿಕೊಳ್ಳಲ್ಲ. ಸೊಳ್ಳೆ ಬತ್ತಿ ಬದಲು ಕಿಟಕಿಗೆ ಜಾಲರಿ ಹಾಕಿಸು. ಮೆಣಸಿನಕಾಯಿ ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಮುಚ್ಚು. ಸಿಗರೇಟು, ರೂಮಿಗೆ ಹೊಡೆಯುವ ಸೆಂಟು, ಫಿನಾಯಿಲ್ ಬೇಡ. ದೀಪಾವಳಿಯ ಸಂಜೆ ಕಿಟಕಿ ಮುಚ್ಚಿ ಬೆಕ್ಕನ್ನು ಒಳಗಿನ ಕೋಣೆಯಲ್ಲಿಡು.

• ಧೂಳು, ಬೂಷ್ಟು ನೋಡಿಕೊ. ಬೆಕ್ಕಿನ ಮಲದ ತಟ್ಟೆಗೆ ಧೂಳೇಳದ, ವಾಸನೆ ಬೆರೆಸದ ಲಿಟರ್ ತಾ. ಪೊರಕೆಗಿಂತ ಒದ್ದೆ ಬಟ್ಟೆ ಒಳ್ಳೆಯದು. ಬೆಕ್ಕು ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆ. ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಬಂದರೆ ಒರೆಸಿ ಒಣಗಿಸು.

• ಮನೆಮದ್ದು ಮಾಡಬೇಡ. ಎದೆಗೆ ಹಚ್ಚುವ ಮುಲಾಮು, ನೀಲಗಿರಿ ಎಣ್ಣೆಯ ಹಬೆ, ನಮ್ಮ ಕೆಮ್ಮಿನ ಸಿರಪ್ಪು ಯಾವುದೂ ಬೆಕ್ಕಿಗಲ್ಲ. ಪ್ಯಾರಾಸಿಟಮಾಲ್ ಅಂತೂ ಮುಟ್ಟಿಸಲೇಬೇಡ, ಒಂದೇ ಮಾತ್ರೆಗೆ ಪ್ರಾಣ ಹೋಗಬಹುದು.

• ಉಸಿರು ಕಟ್ಟಿದರೆ ತಡ ಮಾಡಬೇಡ. ಬಾಯಿ ತೆರೆದು ಉಸಿರಾಡುವುದು, ಹೊಟ್ಟೆ ಒಳಕ್ಕೆಳೆದು ಒದ್ದಾಡುವುದು, ವಸಡು ನೀಲಿಯಾಗುವುದು ಕಂಡರೆ ಅದು ತುರ್ತು. ಡಾಕ್ಟರು ಹೇಳಿಕೊಟ್ಟಷ್ಟು ಸಾಲ್ಬುಟಮಾಲ್ ಕೊಟ್ಟು ಹೊರಡು. ಅಂಗಾತ ಮಲಗಿಸಬೇಡ, ಬಾಯಿಗೆ ನೀರು ಹನಿಸಬೇಡ, ಅದುಮಿ ಹಿಡಿಯಬೇಡ. ಗಾಳಿಯಾಡುವ ಬುಟ್ಟಿಯಲ್ಲಿ ಕೂರಿಸು. ರಾತ್ರಿ ತೆರೆದಿರುವ, ಆಕ್ಸಿಜನ್ ಇರುವ ಆಸ್ಪತ್ರೆ ಎಲ್ಲಿದೆ ಅಂತ ಈವತ್ತೇ ವಿಚಾರಿಸಿಟ್ಟುಕೊ.

• ಊರಿಗೆ ಹೊರಡುವ ಮುಂಚೆ ವ್ಯವಸ್ಥೆ ಮಾಡು. ಬೆಕ್ಕು ನೋಡಿಕೊಳ್ಳುವವರ ಕೈಯಲ್ಲೇ ಒಂದೆರಡು ಸಲ ಮಾಸ್ಕ್ ಹಿಡಿಸು. ಇನ್‌ಹೇಲರ್ ಮುಗಿಯುವ ಮೊದಲೇ ಇನ್ನೊಂದು ತಂದಿಡು. ಕೆಮ್ಮಿಲ್ಲವಲ್ಲ, ನಾಲ್ಕು ದಿನ ತಾನೆ ಅಂತ ಔಷಧ ಮಾತ್ರ ಬಿಡಬೇಡ.