ಎಷ್ಟು ರೋಗಾಣು ಹೊಟ್ಟೆಗೆ ಹೋದರೆ ಸೋಂಕು?

ಹುಟ್ಟಿ ಎರಡು ವಾರ ತುಂಬದ ಕರು ನೀರಿನಂತೆ ಭೇದಿ ಮಾಡುತ್ತಿದ್ದರೆ ಅದಕ್ಕೆ ಕಾರಣ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿಯೂ ಇರಬಹುದು. ಸಗಣಿಯ ಮೂಲಕ ನೀರಿಗೆ ಸೇರಿದರೆ ಇದು ಮನುಷ್ಯರ ಕರುಳನ್ನೂ ಹಿಡಿಯುತ್ತದೆ. ಇದರ ಕೋಶಗಳನ್ನು ಸುಮಾರು 200 ಸಾಲಾಗಿಟ್ಟರೆ 1 ಮಿಲಿಮೀಟರ್ ಆದೀತು! ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ್ದೇವಲ್ಲ ಎನ್ನುತ್ತೀರಾ? ಕೋಶದ ಕವಚ ಗಟ್ಟಿ. ಕುಡಿಯುವ ನೀರಿಗೆ ಬೆರೆಸುವಷ್ಟು ಕ್ಲೋರಿನ್‌ಗೆ ಅದು ಜಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ನಲ್ಲಿ ನೀರು ಕುಡಿದು ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದರೆಂದು ಅಂದಾಜು.

ಹಾಗಾದರೆ ಎಷ್ಟು ಕೋಶ ನುಂಗಿದರೆ ಸೋಂಕು ತಗಲುತ್ತದೆ? ಇದನ್ನು ಪ್ರಾಣಿಗಳ ಲೆಕ್ಕದಿಂದ ಊಹಿಸುವುದು ಸಾಲದು. ಟೆಕ್ಸಾಸಿನ ವೈದ್ಯರು ಒಪ್ಪಿ ಮುಂದೆ ಬಂದ 29 ಆರೋಗ್ಯವಂತರಿಗೆ, ಕರುವಿನಿಂದ ಪಡೆದ ಕೋಶಗಳನ್ನು ಎಣಿಸಿ ನುಂಗಿಸಿದರು. ಕೆಲವರಿಗೆ 30, ಕೆಲವರಿಗೆ 100, ಹೀಗೆ ಏರುತ್ತ 10 ಲಕ್ಷದವರೆಗೆ. ನಂತರ ಅವರ ಮಲವನ್ನು ವಾರಗಟ್ಟಲೆ ಪರೀಕ್ಷಿಸಿದರು. 30 ನುಂಗಿದ 5 ಜನರಲ್ಲಿ ಒಬ್ಬರಿಗೆ ಸೋಂಕು. 1,000 ಅಥವಾ ಹೆಚ್ಚು ನುಂಗಿದ 7 ಜನರಿಗೂ ಸೋಂಕು. ಕೀಟನಾಶಕದಲ್ಲಿ ಅರ್ಧದಷ್ಟು ಹುಳು ಸಾಯುವ ಪ್ರಮಾಣ ಕಂಡುಹಿಡಿಯುವಂತೆ, ಇಲ್ಲಿ ಅರ್ಧದಷ್ಟು ಜನರಿಗೆ ಸೋಂಕು ತಗಲಿಸುವ ಪ್ರಮಾಣ ಲೆಕ್ಕ ಹಾಕಿದಾಗ ಬಂದದ್ದು 132. ಈ ಫಲಿತಾಂಶ ಪ್ರಕಟವಾದದ್ದು 1995ರಲ್ಲಿ.

ಸೋಂಕು ಬೇರೆ, ಕಾಯಿಲೆ ಬೇರೆ ಎಂಬುದನ್ನು ಗಮನಿಸಿ. ಸೋಂಕು ತಗಲಿದ 18 ಜನರಲ್ಲಿ 11 ಮಂದಿಗೆ ಮಾತ್ರ ಹೊಟ್ಟೆಯ ತೊಂದರೆ ಕಾಣಿಸಿತು. ಉಳಿದವರು ಆರಾಮವಾಗಿದ್ದರೂ ಕೋಶ ಹೊರಹಾಕುತ್ತಿದ್ದರು ಎಂಬುದೇ ಚಿಂತೆಯ ಮಾತು. 132 ಎಂಬುದನ್ನು ಕಲ್ಲಿನ ಮೇಲಿನ ಬರಹವೆಂದೂ ತಿಳಿಯಬೇಡಿ. 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೂರು ತಳಿಗಳನ್ನು ಹೋಲಿಸಿದಾಗ ಈ ಪ್ರಮಾಣ 9, 87 ಮತ್ತು 1,042 ಎಂದು ಬಂದಿತು. ಮೊದಲೇ ಸೋಂಕು ಕಂಡು ರಕ್ತದಲ್ಲಿ ಪ್ರತಿರೋಧದ ಗುರುತು ಇದ್ದವರಿಗೆ ಇನ್ನೂ ಹೆಚ್ಚು ಕೋಶ ಬೇಕಾಯಿತು. ಪ್ರಯೋಗಕ್ಕೆ ಒಳಗಾದವರೆಲ್ಲ ಗಟ್ಟಿಮುಟ್ಟಾದ ವಯಸ್ಕರು. ನಿಮ್ಮ ಮನೆಯ ಎಳೆಗೂಸಿಗೆ ಈ ಲೆಕ್ಕ ಹಿಡಿಯಬೇಡಿ.

ರೋಗ ತಗಲಿದ ಕರುವಿನ ಒಂದೇ ಗ್ರಾಂ ಸಗಣಿಯಲ್ಲಿ ಲಕ್ಷಗಟ್ಟಲೆ ಕೋಶಗಳಿರಬಹುದು. ಆದ್ದರಿಂದ ಭೇದಿಯಾಗುವ ಕರುವನ್ನು ಬಾವಿಯಿಂದ ದೂರ ಕಟ್ಟಿ, ಕೊಟ್ಟಿಗೆ ತೊಳೆದ ನೀರು ಬಾವಿಯತ್ತ ಹರಿಯದಂತೆ ನೋಡಿಕೊಳ್ಳಿ. ಕರು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ. ಕುಡಿಯುವ ನೀರನ್ನು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿರಿ.